ಬೆಂಕಿರೋಗದ ವಂಶಗಳು

ಸಂಶೋಧಕಿ ದಿವ್ಯಶ್ರೀ ಕಾಗದದ ಕವರಿನಿಂದ ಒಣಗಿದ ಭತ್ತದ ಎಲೆಯೊಂದನ್ನು ತೆಗೆದು, ಬದುವಿನ ಆಚೀಚೆ ನಿಂತಿದ್ದ ಇಬ್ಬರ ಮುಂದೆ ಹಿಡಿದಳು. ಕುಶಾಲನಗರದ ಹತ್ತಿರದ ಆ ಬದುವಿನ ಆಚೆ ಸಣ್ಣಸ್ವಾಮಿಯ ಗದ್ದೆ, ಈಚೆ ರಾಮಮ್ಮನದು. ಮೂರು ವರ್ಷದ ಹಿಂದೆ ರಾಮಮ್ಮ ಹಾಸನದ ಕಡೆಯ ತವರಿನಿಂದ ಬಿತ್ತನೆ ಭತ್ತ ತಂದಿದ್ದಳು. ಅದೇ ಮಳೆಗಾಲದಲ್ಲಿ ಎರಡೂ ಗದ್ದೆಗೆ ಎಲೆ ಸುಟ್ಟಂತೆ ಒಣಗಿಸುವ ಬೆಂಕಿರೋಗ ಬಿತ್ತು. ರೋಗ ತಂದವಳು ಅವಳೇ ಎಂದು ಸಣ್ಣಸ್ವಾಮಿ ಅಂದಿನಿಂದ ಮಾತು ಬಿಟ್ಟಿದ್ದ.

"ಎರಡೂ ಕಡೆ ಈ ರೋಗ ತರೋ ಶಿಲೀಂಧ್ರದ ಡಿಎನ್‌ಎ ನೋಡಿದ್ವಿ," ಎಂದಳು ದಿವ್ಯಶ್ರೀ. "ರಾಮಮ್ಮನವರ ಗದ್ದೇಲಿ ಒಂದೇ ವಂಶ ಇದೆ. ನಿಮ್ಮದರಲ್ಲಿ ಐದು. ಅದರಲ್ಲಿ ಒಂದೂ ಇವರ ಗದ್ದೇದಲ್ಲ, ನಿಮ್ಮ ರೋಗ ಇವರ ಬೀಜದಿಂದ ಬಂದಿದ್ದಲ್ಲ. ನಿಮ್ಮ ಈ ಒಂದು ಎಲೆ ಮೇಲೇ ಎರಡು ವಂಶ ಸಿಕ್ಕಿದಾವೆ."

ಸಣ್ಣಸ್ವಾಮಿ ಎಲೆಯನ್ನು ಅಂಗೈಗೆ ತೆಗೆದುಕೊಂಡ. ಬೆರಳಗಲದ ಅಂತರದಲ್ಲಿ ಎರಡು ಕಂದು ಚುಕ್ಕೆಗಳಿದ್ದವು. ಅವನ ಕಣ್ಣಿಗೆ ಎರಡೂ ಒಂದೇ ತರ.

"ಇವು ಬೇರೆಬೇರೆ ಆಗಿ ಎಷ್ಟು ಕಾಲ ಆಯ್ತಮ್ಮ?"

"ನಿಮ್ಮ ತಾತನ ತಾತ ಹುಟ್ಟೋಕೂ ಮುಂಚೆ."

ಗಾಳಿಗೆ ಹಾರದಂತೆ ಅವನು ಎಲೆಗೆ ಇನ್ನೊಂದು ಕೈ ಅಡ್ಡ ಹಿಡಿದು, ಬಹಳ ಹೊತ್ತು ನೋಡಿದ. ಆಮೇಲೆ ಬದು ದಾಟಿ ರಾಮಮ್ಮನ ಹತ್ತಿರ ಬಂದ.

"ನೋಡಕ್ಕ," ಎಂದ ಮೆಲ್ಲಗೆ, "ಇಷ್ಟೇ ಇಷ್ಟು ಜಾಗದಲ್ಲಿ ಎರಡು ವಂಶ."