ಮಗ್ಗದಿಂದ ತೊಟ್ಟಿಲಿಗೆ

ಒಂದು ವಸ್ತುವನ್ನು ಇನ್ನೊಂದಾಗಿಸಿ ಕೊಡುವ ನಮ್ಮೂರ ರೂಪಾಂತರ ಕಚೇರಿಯಲ್ಲಿ ಮೊದಲೆಲ್ಲ ಕಿಟಕಿಗೊಂದು ಕೆಲಸ. ಕುರ್ಚಿ ಏಣಿಯಾಗಬೇಕೆಂದರೆ ಒಂದು ಕಿಟಕಿಯಲ್ಲಿ ಹಲಗೆ ಮಾಡಿಸಿ, ಆ ಹಲಗೆ ಹೊತ್ತು ಇನ್ನೊಂದು ಕಿಟಕಿಗೆ ಹೋಗಬೇಕಿತ್ತು. ಹಲಗೆಯಾದೊಡನೆ ವಸ್ತು ತನ್ನ ಹಿಂದಿನದನ್ನೆಲ್ಲ ಮರೆತುಬಿಡುತ್ತಿತ್ತು. ನೇಕಾರ್ತಿ ಸಾವಂತ್ರೆವ್ವನ ರಾಟೆ ಹಾಗೆಯೇ ತನ್ನ ಸದ್ದು ಮರೆತು ಮೂಕ ಸ್ಟೂಲಾಗಿ ಮನೆಗೆ ಬಂದಿತ್ತು.

ಈಗ ಕಚೇರಿಯ ಮಹಾನಂದಾ ಎಲ್ಲಕ್ಕೂ ಒಂದೇ ಕಿಟಕಿ ಕಟ್ಟಿದ್ದಳು. ಮೊಮ್ಮಗಳಿಗೆ ತೊಟ್ಟಿಲು ಮಾಡಿಸಲು ಸಾವಂತ್ರೆವ್ವ ತನ್ನ ಮಗ್ಗವನ್ನೇ ಗಾಡಿಯಲ್ಲಿ ಹೇರಿಕೊಂಡು ಬಂದಳು.

“ಇದೂ ಮೂಕ ಆದ್ರ ನಾ ಒಲ್ಲೆ ನೋಡವಾ.”

“ಹಲಗಿ ಮಾಡೂದೇ ಇಲ್ಲ, ಆಯಿ. ಈ ಕಿಟಕಿ, ನೀ ಯಾರು ಅಂತ ಮೊದಲ ಮಗ್ಗಾನ್ನ ಕೇಳತೈತಿ. ಏನಾಗಬೇಕು ಅಂತ ಆಮ್ಯಾಲೆ ನಿಮ್ಮನ್ನ. ದಾರಿ ಸಿಗಲಿಲ್ಲಂದ್ರ ಇದ್ದಾಂಗ ವಾಪಸ್ ಕೊಡತೈತಿ.”

ಮಗ್ಗ ಒಳಗೆ ಹೋಯಿತು. ಮಗ್ಗದಿಂದ ತೊಟ್ಟಿಲಿಗೆ ಹೋಗುವ ದಾರಿಯನ್ನು ಯಾರೂ ಕಿಟಕಿಗೆ ಕಲಿಸಿರಲಿಲ್ಲ. ಅದು ತಾನೇ ಹುಡುಕಿಕೊಳ್ಳುತ್ತಿತ್ತು. ಮಹಾನಂದಾ ಉಗುರು ಕಚ್ಚುತ್ತ ನಿಂತಳು.

ಕೊನೆಗೆ ತೊಟ್ಟಿಲು ಹೊರಬಂತು. ಸಾವಂತ್ರೆವ್ವ ಅನುಮಾನದಿಂದಲೇ ತೂಗಿದಳು. ಲಟಕ್, ಪಟಕ್. ಮಗ್ಗದಲ್ಲಿ ಲಾಳಿ ಓಡಾಡುವಾಗಿನ ಅದೇ ಸದ್ದು.

“ಭಾಳ ಶಾಣ್ಯಾಕಿ ಅದಿ ಬಿಡವಾ,” ಎಂದಳು. ಅಷ್ಟರಲ್ಲಿ ಅವಳ ಕಾಲುಗಳು ತಾವಾಗಿಯೇ, ಮಗ್ಗ ತುಳಿಯುವಂತೆ, ಕಚೇರಿಯ ನೆಲ ತುಳಿಯತೊಡಗಿದ್ದವು.