ಒಂದು ಮೊಳ ದಾರ

ವೈದ್ಯರ ಪರವಾನಗಿ ನವೀಕರಣವಾಗಬೇಕಾದರೆ, ತಮ್ಮದೇ ಆಸ್ಪತ್ರೆಯ ತಪ್ಪಿನಿಂದ ಸತ್ತವರೊಬ್ಬರ ಕೊನೆಯ ನಾಲ್ಕು ನಿಮಿಷವನ್ನು ವರ್ಷಕ್ಕೊಮ್ಮೆ ಅನುಭವಿಸಲೇಬೇಕಿತ್ತು. ಡಾಕ್ಟರ್ ವಾರಿಜಾ ಓಪಿಡಿ ನಡುವೆ ಬಿಡುವು ಮಾಡಿಕೊಂಡು ಪಾಠದ ಕೋಣೆಗೆ ಬಂದು ಮಲಗಿದಳು. ಕೋಣೆ ನೋಡಿಕೊಳ್ಳುವ ಪುಟ್ಟಮಾದಯ್ಯ ಅವಳ ಹಣೆಗೆ ಯಂತ್ರದ ಪಟ್ಟಿ ಬಿಗಿದ.

"ಚೌಡಮ್ಮನ ಪಾಠ ತಾನೆ, ಮಾದಯ್ಯ? ಐದು ವರ್ಷದಿಂದ ಸತ್ತು ಸತ್ತು ಬಾಯಿಪಾಠ ಆಗಿದೆ."

"ಅಲ್ಲ ಮೇಡಂ, ಈ ಸಲ ಹೊಸಬರು. ಹೋದ ತಿಂಗಳು ತೀರಿಕೊಂಡ ರಾಚಪ್ಪನೋರು."

ಪಾಠದಲ್ಲಿ ಹೊಸದೇನೂ ಇರಲಿಲ್ಲ. ಅದೇ ವಾರ್ಡು, ಅದೇ ಮಂಚ. ಪಕ್ಕದಲ್ಲಿ ತುಂಬಿದ ಆಕ್ಸಿಜನ್ ಸಿಲಿಂಡರ್ ಇತ್ತು. ಅದನ್ನು ತಿರುಗಿಸುವ ಕೀ ಎಲ್ಲಿದೆಯೆಂದು, ಚೌಡಮ್ಮನ ಪಾಠದಲ್ಲಿದ್ದಂತೆಯೇ, ಯಾರಿಗೂ ಗೊತ್ತಿರಲಿಲ್ಲ. ಉಸಿರು ಸಿಗದೆ ರಾಚಪ್ಪನ ಕಣ್ಣು ಮಂಜಾಗುತ್ತಿದ್ದಾಗ, ಡ್ರಾಯರುಗಳನ್ನೆಲ್ಲ ಎಳೆದೆಳೆದು ಕೀ ಹುಡುಕುತ್ತಿದ್ದ ಡಾಕ್ಟರೊಬ್ಬರ ಮುಖ ಕಂಡಿತು. ಅದು ವಾರಿಜಾಳ ಮುಖವೇ.

ಎದ್ದವಳು ಬಿಕ್ಕಿ ಬಿಕ್ಕಿ ಅತ್ತಳು. ಯಂತ್ರ ಆ ಅಳುವನ್ನು ಅಳೆದು ಹತ್ತಕ್ಕೆ ಹತ್ತು ಅಂಕ ಕೊಟ್ಟಿತು. ಪರವಾನಗಿಗೆ ಮೊಹರು ಬಿತ್ತು.

"ಒಂದು ಮೊಳ ದಾರ ಕೊಡಿ, ಮಾದಯ್ಯ. ಆ ಕೀನ ಸಿಲಿಂಡರಿಗೇ ಕಟ್ಟಿಬಿಡ್ತೀನಿ."

"ದಾರ ಕಟ್ಟಿದ್ದಕ್ಕೆ ಅಂಕ ಇಲ್ಲ ಮೇಡಂ," ಎನ್ನುತ್ತಲೇ ಅವನು ಉಂಡೆಯಿಂದ ಒಂದು ಮೊಳ ಕತ್ತರಿಸಿ ಕೊಟ್ಟ. "ಆದರೂ ಎಲ್ಲ ಡಾಕ್ಟರೂ ಇಸ್ಕೊಂಡು ಹೋಗ್ತಾರೆ."

ಅಷ್ಟರಲ್ಲಿ ಓಪಿಡಿಯಿಂದ ಕರೆ ಬಂತು. ಆಮೇಲೆ ಕಟ್ಟಿದರಾಯಿತೆಂದು ವಾರಿಜಾ ದಾರವನ್ನು ಬ್ಯಾಗಿನ ಒಳಜೇಬಿಗೆ ತುರುಕಿದಾಗ, ಬೆರಳಿಗೆ ಹೋದ ವರ್ಷದ ದಾರ ಸಿಕ್ಕಿತು.