ದುಂಡವ್ವನ ಹಂಚು

ಮನುಷ್ಯನ ಇತಿಹಾಸವನ್ನು ದಿನಬಳಕೆಯ ವಸ್ತುಗಳಲ್ಲೇ ಹೇಳುವ ಹೊಸ ಮ್ಯೂಸಿಯಂ. ಅದಕ್ಕೆ ಸಾಮಾನು ಆರಿಸಲು ಅಧಿಕಾರಿಯೊಬ್ಬರು ನದಿ ದಂಡೆಯ ಆ ಊರಿಗೆ ಬಂದರು. ಜನ ಹಿಗ್ಗಿಹೋದರು. ಒಬ್ಬ ಬೀಸುವ ಕಲ್ಲು ಹೊತ್ತು ತಂದ. ಇನ್ನೊಬ್ಬಳು ಮಲಗಿದ್ದ ಕೂಸನ್ನು ಎತ್ತಿಕೊಂಡು ತೊಟ್ಟಿಲನ್ನೇ ಬಿಚ್ಚಿಕೊಟ್ಟಳು.

ಅಧಿಕಾರಿಯ ಕಣ್ಣು ಬಿದ್ದದ್ದು ದುಂಡವ್ವನ ಒಲೆಯ ಮೇಲಿದ್ದ ರೊಟ್ಟಿ ಹಂಚಿನ ಮೇಲೆ.

"ನಮ್ಮತ್ತಿನೂ ಇದರಾಗ ರೊಟ್ಟಿ ಸುಟ್ಟಾಳ್ರಿ," ಎನ್ನುತ್ತ ದುಂಡವ್ವ ಅದನ್ನು ಒಲೆಯಿಂದ ಇಳಿಸಿ, ಬೂದಿಯಿಂದ ತಿಕ್ಕಿ ತೊಳೆದುಕೊಟ್ಟಳು. "ನನ್ನ ಹೆಸರು ಬರೀತೀರೇನ್ರಿ?"

"ಬರೀತೀವಿ ಅವ್ವ. ನಿಮ್ಮ ಹೆಸರು, ಊರಿನ ಹೆಸರು, ಎರಡೂ."

ದುಂಡವ್ವ ನಾಚಿ ಸೆರಗು ಸರಿಮಾಡಿಕೊಂಡಳು. ಗಾಡಿ ತುಂಬಿತು. ಅದು ಹೊರಡುವಾಗ ಏನೋ ಹೊಳೆದು ಅವಳು ಕೇಳಿದಳು.

"ಸಾಹೇಬ್ರ, ಹಳೇ ಕಾಲದ್ದು ಇಡೂದು ಖರೇ. ನಾವು ದಿನಾ ಬಳಸೂ ಸಾಮಾನು ನಿಮಗ ಯಾಕ್ ಬೇಕಾತ್ರಿ? ಬಾಜೂ ಊರಾಗ ಏನೂ ಕೇಳಿಲ್ಲಂತ."

ಅಧಿಕಾರಿ ಗಾಡಿಯ ಬಾಗಿಲು ಹಾಕುವುದನ್ನು ಬಿಟ್ಟು ಅವಳ ಮುಖವನ್ನೇ ನೋಡಿದರು.

"ಯಾಕವ್ವ, ಬರೋ ಜೂನಿಗೆ ಈ ಊರು ಡ್ಯಾಮಿನ ನೀರಲ್ಲಿ ಮುಳುಗುತ್ತೆ ಅಂತ ನಿಮಗಿನ್ನೂ ಯಾರೂ ಹೇಳಿಲ್ವಾ?"